ಆ ಗುಡ್ಡಕ್ಕೆ ಸಸಿ ಬೇಡ

ಓದುಗರೊಬ್ಬರು ಬರೆದಿದ್ದಾರೆ: "2022ರಲ್ಲಿ ಮುಳ್ಳಯ್ಯನಗಿರಿ ಕಡೆ ನೀಲಕುರಿಂಜಿ ನೋಡಲು ಹೋಗಿದ್ದೆ. ಹೂವು ಚೆಂದ, ಆದರೆ ಸುತ್ತಲಿನ ಗುಡ್ಡಗಳೆಲ್ಲ ಬೋಳು. ಅಲ್ಲಿ ಸಸಿ ನೆಟ್ಟು ಕಾಡು ಬೆಳೆಸಬಾರದೇ? ಕುರಿಂಜಿಯನ್ನು ಪಾರ್ಕುಗಳಲ್ಲಿ ಬೆಳೆಸಿದರೆ ಅದೂ ಉಳಿಯುತ್ತದೆ, ಅಲ್ವಾ?"

ಉತ್ತರ: ನಿಮ್ಮ ಕಾಳಜಿ ದೊಡ್ಡದು. ಊರೊಳಗೆ, ರಸ್ತೆ ಬದಿಯಲ್ಲಿ ಧಾರಾಳವಾಗಿ ಸಸಿ ನೆಡಿ. ಆ ಗುಡ್ಡದ ತಂಟೆಗೆ ಮಾತ್ರ ಹೋಗಬೇಡಿ.

ಬೋಳು ಅಂದಿರಲ್ಲ, ಮುಂದಿನ ಸಲ ಹೋದಾಗ ಅಲ್ಲೇ ಕೂತು ಹುಲ್ಲನ್ನು ಬಿಡಿಸಿ ನೋಡಿ. ಮಂಜಿನ ಹನಿ ಎಸಳಿಂದ ಎಸಳಿಗೆ ಇಳಿದು ಬುಡ ಸೇರುತ್ತಿರುತ್ತದೆ. ಬೇರಿನ ನಡುವಿನ ಕಪ್ಪು ಮಣ್ಣು ನೆನೆದ ಹತ್ತಿಯ ಹಾಗೆ ನೀರು ಹಿಡಿದಿರುತ್ತದೆ. ಗಾಳಿ ಬಡಿಯುವ ಇಳಿಜಾರಿನಲ್ಲಿ ಹುಲ್ಲು, ಕಣಿವೆಯ ಮರೆಯಲ್ಲಿ ಶೋಲಾ ಎಂಬ ಕುಳ್ಳ ಮರಗಳ ದಟ್ಟ ಕಾಡು. ಇವೆರಡೂ ಸೇರಿಯೇ ಹಳ್ಳಕ್ಕೆ ನೀರು. ಕುರಿಂಜಿ ಬೆಳೆಯುವುದು ಬಿಸಿಲು ಬೀಳುವ ಈ ಬಯಲಿನಲ್ಲಿ. ಮರದ ನೆರಳು ಬಿದ್ದರೆ ಅದರ ಕಥೆ ಮುಗಿಯಿತು.

ಪಾರ್ಕಿನ ಮಾತಿಗೆ ಬರೋಣ. ಈ ಗಿಡ ಹನ್ನೆರಡು ವರ್ಷ ಬರೀ ಎಲೆ ಬಿಟ್ಟುಕೊಂಡು ನಿಲ್ಲುತ್ತದೆ. ಆಮೇಲೆ ಇಡೀ ಗುಡ್ಡ ಒಟ್ಟಿಗೆ ಅರಳುತ್ತದೆ, ಜೇನು ಮುತ್ತುತ್ತದೆ, ಬೀಜ ಉದುರುತ್ತದೆ, ಗಿಡ ಸಾಯುತ್ತದೆ. ಅಷ್ಟು ವರ್ಷ ಹೂ ಬಿಡದ ಪೊದೆಯನ್ನು ಯಾವ ಮಾಲಿ ಕತ್ತರಿಸದೆ ಬಿಟ್ಟಾನು ಹೇಳಿ!

ಹುಲ್ಲುಗಾವಲನ್ನು ಪಾಳು ಭೂಮಿ ಎಂದು ಬರೆದಿಟ್ಟವರು ಬ್ರಿಟಿಷರು. ಅವರು ಹೋದರೂ ಆ ಬುದ್ಧಿ ನಮ್ಮನ್ನು ಬಿಟ್ಟಿಲ್ಲ. ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲನ್ನು ಚಹಾ ತೋಟ, ವಾಟಲ್ ಎಂಬ ಹೊರನಾಡಿನ ಮರ, ಪೈನ್, ನೀಲಗಿರಿ ಮರ ನುಂಗಿದವು. ಈಗ ವಾಟಲ್ ಯಾರೂ ನೆಡದಿದ್ದರೂ ತಾನಾಗಿಯೇ ಹಬ್ಬುತ್ತಿದೆ. ನಮ್ಮ ಮಲೆನಾಡಿನ ಬ್ಯಾಣಗಳಿಗೆ, ಅಂದರೆ ಹುಲ್ಲಿನ ಬಯಲುಗಳಿಗೆ, ಅಕೇಶಿಯಾ ಬಂತು. ಒಂದು ವನಮಹೋತ್ಸವದಲ್ಲಿ ನಾನು "ಇದು ಹುಲ್ಲಿನ ಜಾಗ, ಇಲ್ಲಿ ಗುಂಡಿ ತೋಡಬೇಡಿ" ಎಂದಾಗ, ಸಂಘಟಕರು ನನ್ನನ್ನು ಪರಿಸರ ವಿರೋಧಿ ಎಂಬಂತೆ ನೋಡಿದರು. ಇದೇ ನನಗೆ ಸಂಕಟ. ಮರ ಕಡಿದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಹುಲ್ಲು ಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಕೇರಳ 2006ರಲ್ಲಿ ಕುರಿಂಜಿಗೆಂದೇ ಒಂದು ಅಭಯಾರಣ್ಯ ಘೋಷಿಸಿತು. 2024ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಈ ಗಿಡವನ್ನು ಅಪಾಯಕ್ಕೆ ಸಿಲುಕಬಹುದಾದವುಗಳ ಪಟ್ಟಿಗೆ ಸೇರಿಸಿದೆ. ನಮ್ಮ ವನ್ಯಜೀವಿ ಕಾಯ್ದೆಯ ಸಂರಕ್ಷಿತ ಸಸ್ಯಗಳಲ್ಲೂ ಇದೆ. ಹೂ ಕಿತ್ತವರನ್ನು ಹಿಡಿಯಲಿ, ಸರಿ. ಆದರೆ ಅದು ಬೆಳೆಯುವ ನೆಲವೇ ರೆಸಾರ್ಟಿಗೆ, ಜೀಪಿನ ದಾರಿಗೆ ಹೋದರೆ ಕೇಳುವವರು ಯಾರು?

ನಿಮ್ಮಂಥ ಕಾಳಜಿ ಇರುವವರು ಕೇಳಬೇಕು. ಸಸಿ ನೆಡುವ ಯೋಜನೆ ನಿಮ್ಮ ಊರಿಗೆ ಬಂದಾಗ ಗುಂಡಿ ತೋಡುವ ಮೊದಲೇ ಹೋಗಿ, ಆ ಜಾಗದಲ್ಲಿ ಮೊದಲು ಏನಿತ್ತು ಎಂದು ವಿಚಾರಿಸಿ. ಹುಲ್ಲಿತ್ತು ಎಂದರೆ, ತಡೆಯಿರಿ.