ತಂತಿ ಎಳೆಯುವವರು ತಂತಿ ಕಂಪನಿಯ ಷೇರು ಕೊಳ್ಳಬಹುದೇ?

ಪ್ರಶ್ನೆ: ಮೇಡಂ, ನಾನು ಬ್ಯಾಂಕು, ಶಾಲೆ, ನರ್ಸಿಂಗ್ ಹೋಮ್‌ಗಳಿಗೆ ಲ್ಯಾನ್ ಕೇಬಲ್ ಎಳೆದು ಸ್ವಿಚ್ ಕೂರಿಸಿಕೊಡುವ ಕೆಲಸ ಮಾಡುತ್ತೇನೆ. ವೈಫೈ ಎಷ್ಟೇ ಬಂದರೂ ಒಳಗೆ ತಂತಿ ಇರಲೇಬೇಕು. ಈಗ ಎಐ ಡೇಟಾ ಸೆಂಟರ್‌ಗಳು ಬೇರೆ. ಚೀಟಿ ಎತ್ತಿದ 3 ಲಕ್ಷ ಕೈಯಲ್ಲಿದೆ. ಸಿಸ್ಕೊ, ತೇಜಸ್ ನೆಟ್‌ವರ್ಕ್ಸ್ ಇಂಥ ಕಂಪನಿಗಳಿಗೆ ಪೂರ್ತಿ ಹಾಕಿಬಿಡಲೇ? ನನಗೆ ಗೊತ್ತಿರುವ ಲೈನೇ ಅಲ್ವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಪೂರ್ತಿ ಬೇಡ. ತಂತಿ ಇರಲೇಬೇಕು ಎಂಬ ನಿಮ್ಮ ಮಾತು ನಿಜ. 2000ದಲ್ಲೂ ಎಲ್ಲರೂ ಇದನ್ನೇ ಹೇಳುತ್ತಿದ್ದರು, ಆಗಲೂ ನಿಜವಾಗಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ನೆಟ್‌ವರ್ಕ್ ಉಪಕರಣ ಕಂಪನಿ ಸಿಸ್ಕೊದ ಷೇರು 80 ಡಾಲರ್ ಮುಟ್ಟಿ, ಅದು ಜಗತ್ತಿನಲ್ಲೇ ಅತಿ ಹೆಚ್ಚು ಬೆಲೆಯ ಕಂಪನಿಯಾಯಿತು. 2002ರ ಅಕ್ಟೋಬರ್‌ನಲ್ಲಿ ಅದೇ ಷೇರು 10 ಡಾಲರ್‌ಗಿಂತ ಕೆಳಗೆ. ಕಂಪನಿ ಮುಳುಗಲಿಲ್ಲ. 2000ದಲ್ಲಿ ಸುಮಾರು 19 ಶತಕೋಟಿ ಡಾಲರ್ ಇದ್ದ ವರ್ಷದ ವ್ಯಾಪಾರ 2025ರಲ್ಲಿ 56 ಶತಕೋಟಿ ದಾಟಿತು. ಆದರೂ ಷೇರು ಹಳೆಯ ಎತ್ತರಕ್ಕೆ ಮರಳಿದ್ದು 2025ರ ಡಿಸೆಂಬರ್‌ನಲ್ಲಿ. ತುದಿಯಲ್ಲಿ ಕೊಂಡವರು ಮಗಳ ಮದುವೆಗೆಂದು ಕೊಂಡಿದ್ದರೆ ಮೊಮ್ಮಗಳ ಮದುವೆಗೆ ಸಿಗುತ್ತಿತ್ತೇನೋ!

ಇನ್ನು ನಮ್ಮ ಎಲೆಕ್ಟ್ರಾನಿಕ್ ಸಿಟಿಯ ತೇಜಸ್. 2000ದಲ್ಲಿ ಶುರುವಾದ ಕಂಪನಿ, ಆಪ್ಟಿಕಲ್ ಫೈಬರ್ ಉಪಕರಣದಲ್ಲಿ ಹೆಸರು ಮಾಡಿತು. 2017ರಲ್ಲಿ 257 ರೂಪಾಯಿಗೆ ಐಪಿಒ (ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಾಟ). 2021ರಲ್ಲಿ ಟಾಟಾ ಗುಂಪು ಬಂತು. 2023ರಲ್ಲಿ ಬಿಎಸ್‌ಎನ್‌ಎಲ್ 4ಜಿ ಕೆಲಸಕ್ಕಾಗಿ ಟಿಸಿಎಸ್‌ನಿಂದ 7,492 ಕೋಟಿಯ ಆರ್ಡರ್ ಸಿಕ್ಕಿತು. ಗಮನಿಸಿ, ಅದು ಟವರಿನ ಉಪಕರಣ. ನೀವು ತಂತಿ ಕಂಪನಿ ಎಂದು ಕೊಂಡಿದ್ದರೂ ನಿಮ್ಮ ದುಡ್ಡು ಕೂತಿದ್ದು ಬಹುಪಾಲು ತಂತಿಯಿಲ್ಲದ ಕೆಲಸದ ಮೇಲೆ. 2024–25ರಲ್ಲಿ ಮಾರಾಟ 8,900 ಕೋಟಿ ದಾಟಿತು, ಲಾಭ ಸುಮಾರು 447 ಕೋಟಿ. ಆ ದೊಡ್ಡ ಸರಬರಾಜು ಮುಗಿದ ಮೇಲೆ, 2025ರ ಏಪ್ರಿಲ್–ಜೂನ್‌ನಲ್ಲಿ, ಮಾರಾಟ ಸುಮಾರು 202 ಕೋಟಿ, ನಷ್ಟ 194 ಕೋಟಿ! 2024ರ ಮಧ್ಯದಲ್ಲಿ 1,500ರ ಹತ್ತಿರವಿದ್ದ ಷೇರು 2025 ಮುಗಿಯುವ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಕಂಪನಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಒಬ್ಬನೇ ದೊಡ್ಡ ಗಿರಾಕಿ ಇದ್ದರೆ ಲೆಕ್ಕ ಹೀಗೇ ಏರಿಳಿಯುತ್ತದೆ.

ನಾನು ಬೆಂಗಳೂರಿನ ಒಂದು ಟೆಲಿಕಾಂ ಉಪಕರಣ ಕಂಪನಿಯ ಅಕೌಂಟ್ಸ್‌ನಲ್ಲಿ ಬಾಕಿ ವಸೂಲಿ ನೋಡಿಕೊಳ್ಳುತ್ತಿದ್ದೆ. ಮಾರ್ಚ್ 31ರ ರಾತ್ರಿಯೊಳಗೆ ಲಾರಿ ಗೇಟು ದಾಟಿಸಲು ಓಡಾಟವೋ ಓಡಾಟ, ಆ ವರ್ಷದ ಮಾರಾಟಕ್ಕೆ ಸೇರಬೇಕಲ್ಲ! ದುಡ್ಡು ಬರುವುದು ಮಾತ್ರ ಮಾಲು ಸೈಟಿನಲ್ಲಿ ಕೂತು, ಪರೀಕ್ಷೆಯಾಗಿ, ಗಿರಾಕಿಯ ಎಂಜಿನಿಯರ್ ಸಹಿ ಹಾಕಿದ ಮೇಲೆ. ಅವರಿಗೆ ವರ್ಗವಾಗಿದ್ದರೆ ಹೊಸಬರು ಬಂದು ಫೈಲು ಓದುವವರೆಗೆ ಸುಮ್ನೆ ಕೂರಬೇಕು. ಅಷ್ಟರವರೆಗೆ ಸಂಬಳ, ಕಚ್ಚಾಮಾಲು ಎಲ್ಲಾ ಬ್ಯಾಂಕ್ ಸಾಲದಲ್ಲಿ. ಲಾಭ ಕಾಗದದಲ್ಲಿ, ಬಡ್ಡಿ ಮಾತ್ರ ಕೈಯಿಂದ.

ಹಾಗಾಗಿ ವಾರ್ಷಿಕ ವರದಿ ತೆರೆದಾಗ ನಾನು ಮೊದಲು ನೋಡುವುದು ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು. ಮಾರಾಟಕ್ಕಿಂತ ಬಾಕಿ ಬೇಗ ಬೆಳೆಯುತ್ತಿದೆಯೇ? ಒಬ್ಬನೇ ಗಿರಾಕಿಯಿಂದ ಎಷ್ಟು ಪಾಲು? ಆರ್ಡರ್ ಬುಕ್ (ಇನ್ನೂ ಪೂರೈಸಬೇಕಾದ ಆರ್ಡರ್‌ಗಳ ಮೊತ್ತ) ಎಷ್ಟು ಸಾವಿರ ಕೋಟಿ ಎಂಬ ಸುದ್ದಿ ಆಮೇಲೆ. ಬಿಲ್ ಪಾಸಾಗಲು ಎಷ್ಟು ಅಲೆಸುತ್ತಾರೆ ಎಂದು ನಿಮಗೆ ನಾನು ಹೇಳಬೇಕೇ? ಈ ಲೈನಿನಲ್ಲಿ ನಿಮಗೆ ನಿಜವಾಗಿ ಗೊತ್ತಿರುವುದು ಅದು.

ಪೆಟ್ಟಿಗೆಯ ಮೇಲಿನ ಹೆಸರನ್ನೂ ನಂಬಬೇಡಿ. ಟಿಪಿ-ಲಿಂಕ್ ಸ್ವಿಚ್ ಎಲ್ಲ ಕಡೆ ಇದೆ, ಅದರ ಷೇರು ಯಾವ ಪೇಟೆಯಲ್ಲೂ ಸಿಗುವುದಿಲ್ಲ. ಸಿಸ್ಕೊಗೆ ಪೈಪೋಟಿ ಕೊಡುತ್ತಿದ್ದ ಜುನಿಪರ್ 2025ರ ಜುಲೈಯಲ್ಲಿ ಎಚ್‌ಪಿಇಗೆ ಸೇರಿಹೋಯಿತು. ಪಾಲಿಕ್ಯಾಬ್, ಫಿನೋಲೆಕ್ಸ್ ಲ್ಯಾನ್ ಕೇಬಲ್ ಮಾಡುತ್ತವೆ, ಆದರೆ ಅವರ ಮುಖ್ಯ ವ್ಯಾಪಾರ ಕರೆಂಟಿನ ವೈರು. ಅವನ್ನು ಕೊಂಡರೆ ನೀವು ಮನೆ ಕಟ್ಟುವವರ ಮೇಲೂ ತಾಮ್ರದ ಬೆಲೆಯ ಮೇಲೂ ದುಡ್ಡು ಹಾಕಿದಂತೆ.

ನನ್ನ ಸಲಹೆ: ಆರು ತಿಂಗಳ ಮನೆಖರ್ಚು ಮತ್ತು ಹುಡುಗರ ಸಂಬಳ ಮೊದಲು ಬ್ಯಾಂಕಿನಲ್ಲಿರಲಿ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಂಡೆಕ್ಸ್ ಫಂಡಿಗೆ (ಸೂಚ್ಯಂಕದ ಎಲ್ಲ ಕಂಪನಿಗಳಲ್ಲೂ ಸ್ವಲ್ಪ ಸ್ವಲ್ಪ ಹಾಕುವ ನಿಧಿ), ತಿಂಗಳು ತಿಂಗಳು. ನೆಟ್‌ವರ್ಕ್ ಷೇರಿನ ಆಸೆ ಇದ್ದರೆ 30 ಸಾವಿರ ಸಾಕು. ಡೇಟಾ ಸೆಂಟರ್ ಕೆಲಸ ನಿಂತರೆ ನಿಮ್ಮ ಸಂಪಾದನೆಗೂ ಷೇರಿಗೂ ಒಟ್ಟಿಗೇ ಪೆಟ್ಟು ಬೀಳುತ್ತದೆ, ಅದನ್ನು ಮರೆಯಬೇಡಿ. ಯಾವ ಷೇರು ಎಂದು ಹೆಸರು ಹಿಡಿದು ಹೇಳುವುದು ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರ ಕೆಲಸ, ಅವರನ್ನೇ ಕೇಳಿ.

ಪ್ರಶ್ನೆ: ಎತರ್ನೆಟ್ ಕಂಡುಹಿಡಿದ ಕಂಪನಿಯ ಷೇರು ಈಗಲೂ ಸಿಗುತ್ತದೆಯೇ?
– ಬಿಇ ವಿದ್ಯಾರ್ಥಿನಿ, ಹಾಸನ

ಉತ್ತರ: ಸಿಗುತ್ತದೆ. ಅದು ಜೆರಾಕ್ಸ್! 1973ರಲ್ಲಿ ಅದರ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಲ್ಯಾನ್ ತಂತಿಯಲ್ಲಿ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಈ ವಿಧಾನವನ್ನು ರೂಪಿಸಿದರು. ಮೆಟ್‌ಕಾಫ್ 1979ರಲ್ಲಿ ಹೊರಬಂದು 3ಕಾಮ್ ಕಟ್ಟಿದರು. ಅದನ್ನು 2010ರಲ್ಲಿ ಎಚ್‌ಪಿ ಕೊಂಡಿತು. ಎತರ್ನೆಟ್ ಎಲ್ಲರೂ ಬಳಸಬಹುದಾದ ಮಾನದಂಡವಾದ್ದರಿಂದಲೇ ಅಷ್ಟು ಹರಡಿತು. ಜೆರಾಕ್ಸ್‌ಗೆ ಅದರಿಂದ ದೊಡ್ಡ ಗಂಟೇನೂ ಸಿಗಲಿಲ್ಲ.

ಪ್ರಶ್ನೆ: ಇಲ್ಲಿಂದಲೇ ಅಮೆರಿಕದ ಷೇರು ಕೊಂಡರೆ ತೆರಿಗೆ ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟಿರುವ ಎಲ್‌ಆರ್‌ಎಸ್ ಸೌಲಭ್ಯದ ಅಡಿ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. 24 ತಿಂಗಳ ಮೇಲೆ ಇಟ್ಟುಕೊಂಡು ಮಾರಿದರೆ ಲಾಭಕ್ಕೆ ಶೇ. 12.5, ಅದಕ್ಕೂ ಮೊದಲು ಮಾರಿದರೆ ನಿಮ್ಮ ಸ್ಲ್ಯಾಬಿನಂತೆ. ಡಿವಿಡೆಂಡ್‌ನಲ್ಲಿ ಅಲ್ಲೇ ಶೇ. 25 ಹಿಡಿದುಕೊಳ್ಳುತ್ತಾರೆ, ಇಲ್ಲಿ ರಿಟರ್ನ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಒಂದೇ ಷೇರಿದ್ದರೂ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಿ, ಅಂಥ ಆಸ್ತಿ ಒಟ್ಟು 20 ಲಕ್ಷ ರೂಪಾಯಿ ದಾಟಿದ್ದು ಬಿಟ್ಟರೆ ದಂಡ ಜಾಸ್ತಿ.