ಮ್ಯೂಸಿಯಂ ವರ್ಕ್‌ಶಾಪಿನಲ್ಲಿ ಸಿಕ್ಕ ರಬ್ಬರ್ ಗಾಲಿಯ ರೈಲು ಇಂಜಿನ್ ಯಾವ ರೈಲ್ವೆಯದು?

ಪ್ರಶ್ನೆ ಕೇಳಿದವರು ಪುಣೆಯವರೇ ಅಂತ ನೋಡಿ ಬರೆಯೋಕೆ ಕೂತೆ. ನಿಮ್ಮ ಮಗ ಅಮೆರಿಕದಲ್ಲಿ ಬಿಡುವಿದ್ದಾಗ ಒಂದು ಮ್ಯೂಸಿಯಮ್ಮಿಗೆ ಕೆಲಸಕ್ಕೆ ಕೈಜೋಡಿಸುತ್ತಾನೆ, ಅಲ್ಲಿನ ವರ್ಕ್‌ಶಾಪಿನಲ್ಲಿ ತಾಡಪತ್ರಿ ಸರಿಸಿದರೆ ಉಗಿ ಇಂಜಿನ್ನಿನಂಥ ಗಾಡಿ ಸಿಕ್ಕಿದೆ, ಚಿಮಣಿ ಗಂಟೆ ಎಲ್ಲ ಇದ್ದರೂ ಗಾಲಿ ಮಾತ್ರ ರಬ್ಬರಿನದು, ಪಕ್ಕದಲ್ಲಿ '40/8' ಅಂತ ಬರೆದಿದೆ. ಹಳಿ ಮೇಲಿಂದ ಇಳಿಸಿ ಟಯರ್ ಹಾಕಿದರೇ ಅಂತ ಕೇಳಿದ್ದೀರಿ.

ಅದು ಹಳಿ ಹತ್ತಿದ್ದೇ ಇಲ್ಲ ಸರ್. ಲಾರಿಗೋ ಕಾರಿಗೋ ರೈಲಿನ ವೇಷ ಹಾಕಿದ್ದು, ಮಾಜಿ ಸೈನಿಕರ ಮೆರವಣಿಗೆಗೆ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಅಮೆರಿಕದ ಸಿಪಾಯಿಗಳನ್ನು ಅಲ್ಲಿನ ಸಣ್ಣ ಗೂಡ್ಸ್ ಡಬ್ಬಿಗಳಲ್ಲಿ ತುಂಬಿ ಸಾಗಿಸುತ್ತಿದ್ದರು. 40 ಆಳು ಇಲ್ಲವೇ 8 ಕುದುರೆ ಅಂತ ಡಬ್ಬಿಯ ಮೇಲೇ ಬರೆದಿರುತ್ತಿತ್ತು. ಊರಿಗೆ ವಾಪಸ್ಸಾದವರು 1920ರಲ್ಲಿ ಫಿಲಡೆಲ್ಫಿಯಾದಲ್ಲಿ '40/8' ಅನ್ನೋ ಅದೇ ಹೆಸರಿನ ಬಳಗ ಕಟ್ಟಿದರು, ಅಮೆರಿಕನ್ ಲೀಜನ್ ಅನ್ನೋ ಮಾಜಿ ಸೈನಿಕರ ಸಂಘದವರೇ ಸೇರಿ. ಶಾಖೆಯ ಮುಖ್ಯಸ್ಥನನ್ನು ಫ್ರೆಂಚಿನಲ್ಲಿ ಸ್ಟೇಷನ್ ಮಾಸ್ತರ ಅಂತ ಕರೆಯುತ್ತಾರೆ, ಅಷ್ಟು ತಮಾಷೆ ಮಂದಿ! ಶಾಖೆಗಳು ತಮ್ಮ ತಮ್ಮ ಗಾಡಿ ಕಟ್ಟಿಕೊಂಡವು, ಹೀಗಾಗಿ ಒಂದರ ಹಾಗೆ ಇನ್ನೊಂದಿಲ್ಲ.

ನಾನು ಪುಣೆ ಪಕ್ಕದ ಭೋಸರಿಯಲ್ಲಿ ಲಾರಿ ಬಾಡಿ ಕಟ್ಟುವವನು, ಊರು ಇಂಡಿ. ನೀವು ಹಾಕಿದ ಫೋಟೋದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಬಾಯ್ಲರಿಗೆ. ತೆಳು ತಗಡು ಸುತ್ತಿ, ಬೋಲ್ಟಿನ ತಲೆಗಳನ್ನು ಸಾಲಾಗಿ ಕೂಡಿಸಿ ರಿವೆಟ್ ಅನ್ನಿಸಿದ್ದಾರೆ. ಉಗಿಯ ಒತ್ತಡ ಬಿದ್ದರೆ ಅರೆಗಳಿಗೆ ನಿಲ್ಲಲ್ಲ. ಮುಂದಿನ ದುಂಡು ಬಾಗಿಲನ್ನು ದೊಡ್ಡದು ಮಾಡಿ ನೋಡಿ, ಕರಿ ಬಣ್ಣ ಬಳಿದ ಜಾಳಿಗೆ ಕಾಣುತ್ತದೆ. ಅದರ ಹಿಂದೆಯೇ ಇಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಇರಬೇಕು, ಗಾಳಿ ಆಡಲಿ ಅಂತ ಜಾಳಿಗೆ. ಕಟ್ಟಿದವ ಬುದ್ಧಿವಂತ. ಅನಂತ ಚತುರ್ದಶಿಗೆ ಲಕ್ಷ್ಮೀ ರಸ್ತೆಯಲ್ಲಿ ಗಣಪತಿ ರಥ ಎಳೆಯುವ ಟ್ರಾಕ್ಟರ್ ತೆವಳಿದ ಹಾಗೇ ಇದೂ ತೆವಳಬೇಕು: ಫಸ್ಟ್ ಗೇರು, ಹಾಫ್ ಕ್ಲಚ್, ಎದುರುಗಾಳಿ ಅನ್ನೋದೇ ಇಲ್ಲ. ಫ್ಯಾನ್ ನಿಧಾನ ತಿರುಗುತ್ತದೆ, ನೀರು ಕುದಿಯುತ್ತದೆ. ಇಂಥ ಗಾಡಿ ಬಿಚ್ಚಿದಾಗ ಕ್ಲಚ್ ಪ್ಲೇಟ್ ಸುಟ್ಟಿದ್ದರೆ ನನಗಂತೂ ಆಶ್ಚರ್ಯವಿಲ್ಲ.

ಮಗ ಇಂಟರ್ನೆಟ್ಟಿನಲ್ಲಿ ಹುಡುಕಿದರೆ '40/8' ಬರೆದ ಅಸಲಿ ಡಬ್ಬಿಗಳೂ ಸಿಗುತ್ತವೆ, ಗೊಂದಲ ಬೇಡ. ಎರಡನೇ ಮಹಾಯುದ್ಧದ ನಂತರ ಅಮೆರಿಕನ್ನರು ಕಳಿಸಿದ ನೆರವಿಗೆ ಪ್ರತಿಯಾಗಿ ಫ್ರಾನ್ಸಿನ ಜನ 1949ರಲ್ಲಿ 49 ಡಬ್ಬಿ ತುಂಬ ಉಡುಗೊರೆ ಹಡಗಿಗೆ ಹಾಕಿ ಕಳಿಸಿದರು. ಆಗಿದ್ದ 48 ರಾಜ್ಯಕ್ಕೆ ಒಂದೊಂದು, ಉಳಿದದ್ದರಲ್ಲಿ ವಾಷಿಂಗ್ಟನ್ನಿಗೂ ಹವಾಯಿಗೂ ಪಾಲು. ಅವಕ್ಕೆ ಕಬ್ಬಿಣದ ಗಾಲಿ, ಡಬ್ಬಿಗೆ ಡಬ್ಬಿ ಗುದ್ದದ ಹಾಗೆ ತಡೆಯುವ ಬಫರ್ ಇರುತ್ತವೆ. ನಿಮ್ಮದು ಆ ಪೈಕಿ ಅಲ್ಲ.

ಈಗ ಕೆಲಸದ ಮಾತು. ಬಣ್ಣ ಕೆರೆಯೋಕೆ ಬಿಡಬೇಡಿ, ಮೇಲಿನ ಪದರದ ಕೆಳಗೆ ಊರಿನ ಹೆಸರು, ಶಾಖೆಯ ನಂಬರ್ ಇರಬಹುದು. ವೇಷ ಕಳಚಿ ಹಳೇ ಲಾರಿ ಮಾಡೋಣ ಅಂತ ಯಾರಾದರೂ ಅಂದರೆ ಜಗಳವಾಡಿಯಾದರೂ ತಡೆಯಲಿ. ಅಂಥ ಲಾರಿಗಳು ಬೇಕಾದಷ್ಟಿವೆ, ಈ ವೇಷ ಇದೊಂದೇ. ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆದು, ಇಂಜಿನ್ ಕೈಯಲ್ಲಿ ತಿರುಗುತ್ತದೋ ನೋಡುವ ತನಕ ಸೆಲ್ಫ್ ಹೊಡೆಯಬಾರದು. ಮೊದಲು ಕೆಳಗೆ ಮಲಗಿ ಚಾಸಿಸ್ ಪಟ್ಟಿಯ ತುಕ್ಕನ್ನು ಬಟ್ಟೆಯಲ್ಲಿ ಒರೆಸಲಿ. ನಂಬರ್ ಕಂಡರೆ ಫೋಟೋ ಇಲ್ಲೇ ಹಾಕಿ, ಯಾವ ಕಂಪನಿ, ಯಾವ ವರ್ಷ ಅಂತ ಹುಡುಕೋಣ.