ಬೈಕು ಫುಟ್‌ಪಾತಿಗೆ ಹತ್ತುವುದು ಎಲ್ಲಿಂದ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಬಾರಿ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದವು: ನಡೆಯುವ ದಾರಿಗೆ ನುಗ್ಗುವ ಬೈಕು, ಸ್ಕೂಟರ್. ಇದನ್ನು ಸಣ್ಣ ಕಿರಿಕಿರಿ ಎಂದು ತಳ್ಳಿಹಾಕುವವರು ಒಂದು ಲೆಕ್ಕ ನೋಡಬೇಕು. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ. ಅವರಲ್ಲಿ 32,825 ಮಂದಿ ಯಾವ ವಾಹನದಲ್ಲೂ ಇರಲಿಲ್ಲ, ನಡೆದು ಹೋಗುತ್ತಿದ್ದವರು. ಸಂಚಾರ ಕಾನೂನು ಮತ್ತು ರಸ್ತೆ ವಿನ್ಯಾಸ ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 68 ವರ್ಷ. ಬೆಳಿಗ್ಗೆ ತರಕಾರಿ ತರಲು ಫುಟ್‌ಪಾತ್ ಮೇಲೆ ಹೋಗುವಾಗ ಹಿಂದಿನಿಂದ ಹಾರನ್ ಹೊಡೆದು "ಅಮ್ಮಾ, ಸ್ವಲ್ಪ ಸೈಡಿಗೆ ಬನ್ನಿ" ಅನ್ನುತ್ತಾರೆ. ಫುಟ್‌ಪಾತಿನಲ್ಲೂ ನಾನೇ ಸರಿಯಬೇಕೇ?
– ವಿನೋಬನಗರದ ಓದುಗರು, ಶಿವಮೊಗ್ಗ

ಉತ್ತರ: ಕಾನೂನಿನ ಪ್ರಕಾರ ಸರಿಯಬೇಕಾಗಿಲ್ಲ. ಸಮವಸ್ತ್ರದಲ್ಲಿರುವ ಪೊಲೀಸರು ಹೇಳದ ಹೊರತು ಫುಟ್‌ಪಾತ್ ಮೇಲೆ ವಾಹನ ಓಡಿಸುವಂತಿಲ್ಲ. 1989ರ ರಸ್ತೆ ನಿಯಮಗಳಲ್ಲೇ ಇದು ಇತ್ತು. ಅವುಗಳ ಜಾಗಕ್ಕೆ ಬಂದ 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದೆ. ಈ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ ಕಲಂ 177ಎ ಪ್ರಕಾರ 500ರಿಂದ 1,000 ರೂಪಾಯಿ ದಂಡ. ಜನರ ಜೀವಕ್ಕೆ ಅಪಾಯವಾಗುವ ರೀತಿ ನುಗ್ಗಿದ್ದರೆ ಕಲಂ 184 ಕೂಡ ಅನ್ವಯಿಸಬಹುದು. ಅದರಲ್ಲಿ ಮೊದಲ ತಪ್ಪಿಗೇ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿರುವ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು.

ಆದರೆ ಹಾರನ್ ಕೇಳಿದ ಆ ಗಳಿಗೆಯಲ್ಲಿ ಹಕ್ಕಿಗಿಂತ ನಿಮ್ಮ ಮೈ ಮುಖ್ಯ. ಗೋಡೆ ಅಥವಾ ಅಂಗಡಿಯ ಕಡೆಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಡಿ. ಯಾವ ಕಾರಣಕ್ಕೂ ರಸ್ತೆಗೆ ಇಳಿಯಬೇಡಿ. ರಸ್ತೆಯಲ್ಲಿ ಬರುವ ವಾಹನಕ್ಕೆ ನಿಮ್ಮ ಬೆನ್ನು ಇರುತ್ತದೆ, ನೀವು ಹಠಾತ್ತಾಗಿ ಇಳಿಯುತ್ತೀರೆಂದು ಆ ಚಾಲಕನಿಗೆ ಗೊತ್ತೇ ಇರುವುದಿಲ್ಲ. ಬೈಕಿನ ಮುಂದೆ ಎಡಕ್ಕೋ ಬಲಕ್ಕೋ ಎಂದು ತಡವರಿಸುವುದೂ ಅಪಾಯ, ಸವಾರ ನೀವು ಹೋಗುವ ಕಡೆಗೇ ತಿರುಗಿಸುವುದುಂಟು. ಎಲೆಕ್ಟ್ರಿಕ್ ಸ್ಕೂಟರುಗಳು ಸದ್ದಿಲ್ಲದೆ ಹಿಂದೆ ಬಂದು ನಿಲ್ಲುತ್ತವೆ, ಹಾಗಾಗಿ ಕೊಡೆ ಹಿಡಿದಿದ್ದಾಗ ಹಿಂದಿನ ನೋಟ ಮುಚ್ಚಿಹೋಗುವಂತೆ ಅದನ್ನು ತೀರಾ ಹಿಂದಕ್ಕೆ ವಾಲಿಸಿಕೊಳ್ಳಬೇಡಿ.

ಪ್ರಶ್ನೆ: ಸಿಗ್ನಲ್‌ನಲ್ಲಿ ಜಾಮ್ ಆದಾಗ 50 ಮೀಟರ್ ಮಾತ್ರ ಫುಟ್‌ಪಾತ್ ಮೇಲೆ ಹೋಗುತ್ತೇನೆ, ಅದೂ 20ರ ಸ್ಪೀಡಲ್ಲಿ. ಜನರಿದ್ದರೆ ಬ್ರೇಕ್ ಹಿಡಿಯುತ್ತೇನೆ. ಇದರಲ್ಲಿ ಅಂಥ ಅಪಾಯ ಏನು?
– ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಲೆಕ್ಕ ಹಾಕಿ ನೋಡೋಣ. ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಐದೂವರೆ ಮೀಟರ್. ಎದುರಿಗೆ ಯಾರೋ ಬಂದದ್ದನ್ನು ಕಂಡು, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಕಳೆದಿರುತ್ತದೆ. ಬ್ರೇಕ್ ಕಚ್ಚುವ ಮೊದಲೇ ನೀವು ಐದೂವರೆ ಮೀಟರ್ ಮುಂದೆ ಹೋಗಿರುತ್ತೀರಿ. ಒಣ ನೆಲದಲ್ಲಿ ನಿಲ್ಲಲು ಇನ್ನೂ ಮೂರು ಮೀಟರ್ ಬೇಕು, ಒಟ್ಟು ಹತ್ತಿರ ಹತ್ತಿರ 9. ಮಳೆಗಾಲದ ಪಾಚಿ ಹಿಡಿದ ಟೈಲ್ಸ್ ಮೇಲೆ ಇದು 11 ಮೀಟರ್ ಆಗುತ್ತದೆ, ಕೆಲವೆಡೆ ಇನ್ನೂ ಹೆಚ್ಚು. ಅಂಗಡಿ ಬಾಗಿಲಿನಿಂದ ಹೊರಬರುವವರು ಫುಟ್‌ಪಾತಿಗೆ ಬರುವುದು ಒಂದೇ ಹೆಜ್ಜೆಯಲ್ಲಿ. ಅವರು ನಿಮಗೆ ಕಾಣುವುದು ಎರಡು ಮೂರು ಮೀಟರ್ ದೂರದಲ್ಲಿ. ನಿಮ್ಮ ಬ್ರೇಕು ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಕೆಲಸ ಮಾಡಲು ಜಾಗವೇ ಇಲ್ಲ.

ಪಾಚಿಯ ಮೇಲೆ ಇನ್ನೊಂದು ತೊಂದರೆ ಇದೆ. ಬೈಕನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕ್. ಅದನ್ನು ಜಾರುವ ನೆಲದಲ್ಲಿ ಗಟ್ಟಿಯಾಗಿ ಹಿಡಿದರೆ ಮುಂದಿನ ಚಕ್ರವೇ ಜಾರಿ ಗಾಡಿ ಅಡ್ಡ ಬೀಳುತ್ತದೆ. ಆ ಹೆದರಿಕೆಗೆ ಹಿಂದಿನದೊಂದನ್ನೇ ಒತ್ತಿದರೆ ಗಾಡಿ ಇನ್ನಷ್ಟು ದೂರ ಹೋಗುತ್ತದೆ.

ಇನ್ನು ಪೆಟ್ಟು. ಸ್ಕೂಟರು, ಸವಾರ ಸೇರಿ ಸುಮಾರು 175 ಕಿಲೋ. 20ರ ವೇಗವೆಂದರೆ ಅಷ್ಟೂ ತೂಕ ಒಂದೂವರೆ ಮೀಟರ್ ಎತ್ತರದಿಂದ ಬಿದ್ದಾಗಿನ ವೇಗ. 30ರಲ್ಲಿ ಅದು ಮೂರೂವರೆ ಮೀಟರ್ ಎತ್ತರ. ಎಪ್ಪತ್ತು ದಾಟಿದವರ ತೊಡೆಮೂಳೆಯ ಕತ್ತು ಮುರಿಯಲು ಇಷ್ಟು ಬೇಕಾಗಿಲ್ಲ, ಬರೀ ತಳ್ಳಿ ಬೀಳಿಸಿದರೂ ಸಾಕು. ಆ ಮುರಿತಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು, ಆಮೇಲೆ ಎಷ್ಟೋ ಮಂದಿ ಮೊದಲಿನಂತೆ ನಡೆಯುವುದೇ ಇಲ್ಲ. ನಿಮಗೆ ಉಳಿಯುವುದು ಒಂದು ಸಿಗ್ನಲಿನ ಸಮಯ. ದಯವಿಟ್ಟು ಜಾಮ್‌ನಲ್ಲೇ ನಿಲ್ಲಿ. ತೀರಾ ಅವಸರವಿದ್ದರೆ ಇಳಿದು, ಎಂಜಿನ್ ಆರಿಸಿ, ರಸ್ತೆಯ ಅಂಚಿನಲ್ಲಿ ತಳ್ಳಿಕೊಂಡು ಹೋಗಿ.

ಪ್ರಶ್ನೆ: ನಮ್ಮ ಬೀದಿಯ ಅಂಗಡಿಯವರೆಲ್ಲ ಸೇರಿ ಫುಟ್‌ಪಾತಿಗೆ ಕಂಬ ಹಾಕಿಸೋಣ ಅಂತಿದ್ದೇವೆ. ಪಕ್ಕದ ಬೀದಿಯಲ್ಲಿ ಹಾಕಿದ್ದಾರೆ, ಆದರೆ ಬೈಕು ಅದರ ನಡುವೆಯೇ ನುಸುಳುತ್ತದೆ. ಎಷ್ಟು ಅಂತರ ಬಿಡಬೇಕು?
– ದುರ್ಗಿಗುಡಿಯ ವ್ಯಾಪಾರಿಗಳು

ಉತ್ತರ: ಮೊದಲು ಒಂದು ಎಚ್ಚರಿಕೆ. ಕಂಬವನ್ನು ನೀವೇ ನೆಡುವಂತಿಲ್ಲ. ಫುಟ್‌ಪಾತ್ ಸಾರ್ವಜನಿಕ ರಸ್ತೆಯ ಭಾಗ, ಅನುಮತಿ ಇಲ್ಲದ ಕಂಬವೂ ಅಡಚಣೆಯೇ. ರಸ್ತೆ ಪಾಲಿಕೆಯದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿಯವರದೋ ಎಂದು ತಿಳಿದುಕೊಂಡು ಎಲ್ಲರೂ ಸಹಿ ಹಾಕಿದ ಮನವಿ ಕೊಡಿ. ಮನವಿಯಲ್ಲಿ "ಕಂಬ ಹಾಕಿ" ಎಂದಷ್ಟೇ ಬರೆದರೆ ಪಕ್ಕದ ಬೀದಿಯ ಕಥೆಯೇ ಮರುಕಳಿಸುತ್ತದೆ. ಅಳತೆ ಸಮೇತ ಕೇಳಿ.

ಪಕ್ಕದ ಬೀದಿಯಲ್ಲಿ ಎಡವಟ್ಟಾದದ್ದು ಇಲ್ಲಿ. ಸ್ಕೂಟರಿನ ಹ್ಯಾಂಡಲ್ ಅಗಲ ಸುಮಾರು 700 ಮಿಲಿಮೀಟರ್, ಬೈಕಿನದು ಅದಕ್ಕಿಂತ ತುಸು ಹೆಚ್ಚು. ಗಾಲಿಕುರ್ಚಿ ಸಲೀಸಾಗಿ ದಾಟಲು 900 ಬೇಕು. ಅಂದರೆ ಗಾಲಿಕುರ್ಚಿಗೆ ಬಿಟ್ಟ ಜಾಗದಲ್ಲಿ ಬೈಕೂ ಹೋಗುತ್ತದೆ. ಅದಕ್ಕೆಂದು ಅಂತರವನ್ನು 600ಕ್ಕೆ ಇಳಿಸಿದರೆ ಗಾಲಿಕುರ್ಚಿಯವರು, ಮಗುವಿನ ತಳ್ಳುಗಾಡಿ ಹಿಡಿದವರು ರಸ್ತೆಗಿಳಿಯುತ್ತಾರೆ. ಯಾರಿಗಾಗಿ ಕಂಬ ನೆಟ್ಟೆವೋ ಅವರನ್ನೇ ಹೊರಗೆ ಹಾಕಿದಂತಾಗುತ್ತದೆ. ಇದು ಒಪ್ಪತಕ್ಕದ್ದಲ್ಲ.

ಇದಕ್ಕೆ ಪರಿಹಾರ ಅಗಲದಲ್ಲಿ ಇಲ್ಲ, ಉದ್ದದಲ್ಲಿದೆ. ಬೈಕಿನ ಉದ್ದ ಎರಡು ಮೀಟರಿಗೆ ಹತ್ತಿರ, ಗಾಲಿಕುರ್ಚಿಯದು ಸುಮಾರು 1.2 ಮೀಟರ್. ಆದ್ದರಿಂದ ಫುಟ್‌ಪಾತಿಗೆ ಅಡ್ಡಲಾಗಿ ಎರಡು ಕಂಬಿ ಹಾಕಬೇಕು. 1.8 ಮೀಟರ್ ಅಗಲದ ಫುಟ್‌ಪಾತ್ ಎಂದಿಟ್ಟುಕೊಳ್ಳಿ (ರಸ್ತೆ ವಿನ್ಯಾಸದ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುವ ಕನಿಷ್ಠ ಅಗಲವೂ ಅದೇ). ಮೊದಲ ಕಂಬಿ ಗೋಡೆಯ ಕಡೆಯಿಂದ 900 ಮಿಲಿಮೀಟರ್ ಚಾಚಿರಲಿ. ಅಲ್ಲಿಂದ 1.5 ಮೀಟರ್ ಮುಂದೆ ಎರಡನೆಯದು ರಸ್ತೆಯ ಕಡೆಯಿಂದ 900 ಚಾಚಿರಲಿ. ನಡೆಯುವವರು ಸೊಟ್ಟಗೆ ಎರಡು ಹೆಜ್ಜೆ ಹಾಕಿ ದಾಟುತ್ತಾರೆ. ಗಾಲಿಕುರ್ಚಿ ತಿರುಗಲು ಬೇಕಾದದ್ದು ಒಂದೂವರೆ ಮೀಟರ್, ಅದೂ ದಾಟುತ್ತದೆ. ಬೈಕಿನವನು ಇಳಿದು, ಹಿಂಚಕ್ರ ಎತ್ತಿ ಸರಿಸಬೇಕು. ಅಷ್ಟು ಕಷ್ಟವಾದ ದಾರಿಯಲ್ಲಿ ಸಮಯ ಉಳಿಸಲು ಯಾರೂ ಬರುವುದಿಲ್ಲ.

ಇದನ್ನು ಉದ್ದಕ್ಕೂ ಹಾಕಬೇಕಾಗಿಲ್ಲ. ಬೈಕು ಎಲ್ಲಿ ಹತ್ತುತ್ತದೆ ಎಂದು ಎರಡು ದಿನ ಸಂಜೆ ನಿಂತು ನೋಡಿ, ಗುರುತು ಹಾಕಿಕೊಳ್ಳಿ. ಅಂಚಿನ ಕಲ್ಲು 150 ಮಿಲಿಮೀಟರ್ ಎತ್ತರವಿದ್ದ ಕಡೆ ಸ್ಕೂಟರಿನ ಹೊಟ್ಟೆ ತಾಗುತ್ತದೆ, ಸುಲಭಕ್ಕೆ ಹತ್ತಲಾಗುವುದಿಲ್ಲ. ಅವರು ಬರುವುದು ಬೀದಿ ತಿರುವಿನ ಇಳಿಜಾರಿನಿಂದ, ಜೀಬ್ರಾ ಪಟ್ಟೆಯ ಎದುರಿನ ಇಳಿಜಾರಿನಿಂದ, ಮತ್ತು ಇದನ್ನು ನೇರವಾಗಿಯೇ ಹೇಳಬೇಕು, ಅಂಗಡಿಯವರು ತಮ್ಮ ಗಾಡಿ ಹತ್ತಿಸಿಕೊಳ್ಳಲು ಸುರಿದ ಸಿಮೆಂಟಿನ ದಿಬ್ಬದಿಂದ. ಮನವಿ ಕೊಡುವ ಮೊದಲು ನಿಮ್ಮ ಬೀದಿಯಲ್ಲಿ ಅಂಥವು ಎಷ್ಟಿವೆ ಎಣಿಸಿ, ನೀವೇ ಒಡೆಸಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಬಹುದು. ಆ ದಿಬ್ಬಗಳು ಚರಂಡಿಗೆ ಹೋಗುವ ಮಳೆನೀರನ್ನೂ ತಡೆಯುತ್ತವೆ.

ಮಲೆನಾಡಿನ ಮಳೆಗೆ ತಕ್ಕಂತೆ ಮಾಡಿಸುವುದು ಹೀಗೆ. ಸುಮಾರು 4 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ನೆಲದೊಳಗೆ ಒಂದೂವರೆ ಎರಡು ಅಡಿ ಕಾಂಕ್ರೀಟಿನಲ್ಲಿ ಹೂತಿರಬೇಕು. ಪೈಪು ತುಕ್ಕು ಹಿಡಿದು ಮುರಿಯುವುದು ನೆಲಮಟ್ಟದಲ್ಲೇ, ಅಲ್ಲಿ ನೀರು ನಿಲ್ಲುವುದರಿಂದ. ಹಾಗಾಗಿ ಕಾಂಕ್ರೀಟನ್ನು ನೆಲಕ್ಕಿಂತ ಒಂದೆರಡು ಇಂಚು ಮೇಲಕ್ಕೆ ತಂದು ಹೊರಮುಖಕ್ಕೆ ಇಳಿಜಾರು ಕೊಡಿಸಿ. ಚರಂಡಿಯ ಚಪ್ಪಡಿಗೆ ಬೋಲ್ಟ್ ಹಾಕಿ ನಿಲ್ಲಿಸಲು ಬಿಡಬೇಡಿ. ಹೂಳೆತ್ತಲು ಚಪ್ಪಡಿ ತೆಗೆದಾಗ ಕಂಬವೂ ಹೋಗುತ್ತದೆ, ಮತ್ತೆ ಯಾರೂ ಹಾಕುವುದಿಲ್ಲ. ಮೊಣಕಾಲಿನ ಮಟ್ಟದ ಗಿಡ್ಡ ಕಲ್ಲುಗಳೂ ಬೇಡ, ಕತ್ತಲಲ್ಲಿ ಎಡವುತ್ತಾರೆ. ಸೊಂಟದ ಹತ್ತಿರ ಬರುವ ಎತ್ತರ, ಹಳದಿ ಬಣ್ಣ, ರಾತ್ರಿ ಹೊಳೆಯುವ ರೇಡಿಯಂ ಪಟ್ಟಿ ಇರಲಿ. ಅಡ್ಡ ಕಂಬಿಗೆ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಇನ್ನೊಂದು ಸಲಾಕೆ ಬೇಕೇ ಬೇಕು. ಕಣ್ಣು ಕಾಣದವರ ಕೋಲಿಗೆ ಅದು ಮೊದಲು ತಾಗಿದರೆ ಮಾತ್ರ ಅವರಿಗೆ ತಡೆ ಇದೆ ಎಂದು ಗೊತ್ತಾಗುತ್ತದೆ.

ಟೈಲ್ಸ್ ಏಕೆ ಬೇಗ ಕಿತ್ತುಬರುತ್ತವೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ನಡೆಯುವವರಿಗೆಂದು ಹಾಸಿದ ತೆಳು ಇಂಟರ್‌ಲಾಕ್ ಕಲ್ಲಿನ ಮೇಲೆ ದಿನವೂ ಚಕ್ರ ಓಡಿದರೆ ಸಂದಿನ ಮರಳು ಸಡಿಲವಾಗುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಕಲ್ಲು ಅಲುಗಾಡುತ್ತದೆ. ಕಾಲಿಟ್ಟರೆ ಕೆಸರು ಚಿಮ್ಮುವ ಕಲ್ಲು ಅದೇ. ಅಂಥ ಕಡೆ ಜನ ರಸ್ತೆಗಿಳಿದು ನಡೆಯುತ್ತಾರೆ, ಆಗ "ಫುಟ್‌ಪಾತ್ ಖಾಲಿಯೇ ಇದೆಯಲ್ಲ" ಎಂದು ಇನ್ನಷ್ಟು ಬೈಕುಗಳು ಹತ್ತುತ್ತವೆ.

ಪ್ರಶ್ನೆ: ಫೋಟೊ ತೆಗೆದು ಪೊಲೀಸರಿಗೆ ಕಳಿಸಿದರೂ ಏನೂ ಆಗುವುದಿಲ್ಲ. ಸುಮ್ಮನೆ ಯಾಕೆ ಕಳಿಸಬೇಕು?
– ಗೋಪಾಳದ ಓದುಗರು

ಉತ್ತರ: ಕಳಿಸಿ, ಆದರೆ ಕೆಲಸಕ್ಕೆ ಬರುವ ಫೋಟೊ ಕಳಿಸಿ. ಬರುವ ಚಿತ್ರಗಳಲ್ಲಿ ನಂಬರ್ ಪ್ಲೇಟ್ ಕಂಡರೆ ಫುಟ್‌ಪಾತ್ ಕಾಣುವುದಿಲ್ಲ, ಫುಟ್‌ಪಾತ್ ಕಂಡರೆ ನಂಬರ್ ಮಸುಕು. ಒಂದೇ ಚಿತ್ರದಲ್ಲಿ ನಂಬರ್, ಅಂಚಿನ ಕಲ್ಲು, ಹಿಂದೆ ಗುರುತು ಸಿಗುವ ಅಂಗಡಿ ಬೋರ್ಡು ಮೂರೂ ಇರಬೇಕು. ಹತ್ತು ಸೆಕೆಂಡಿನ ವಿಡಿಯೊ ಇನ್ನೂ ಒಳ್ಳೆಯದು, ಗಾಡಿ ನಿಂತಿತ್ತೋ ಓಡುತ್ತಿತ್ತೋ ಎಂಬ ತಕರಾರು ಬರುವುದಿಲ್ಲ. ದಿನಾಂಕ, ಸಮಯ, ರಸ್ತೆ ಹೆಸರು ಬರೆಯಿರಿ. ಸವಾರನ ಮುಖ ಕಾಣದಿದ್ದರೂ ತೊಂದರೆಯಿಲ್ಲ: ಆ ಹೊತ್ತಿಗೆ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರೆ ತಿಳಿಸುವುದು ಕಲಂ 133ರ ಪ್ರಕಾರ ಮಾಲೀಕರ ಹೊಣೆ. ಸವಾರನಿಗೆ ಅಡ್ಡ ನಿಂತು, ಕೀ ಕಿತ್ತುಕೊಂಡು ಜಗಳಕ್ಕೆ ಹೋಗಬೇಡಿ.

ಒಂದೇ ಜಾಗದಲ್ಲಿ ದಿನವೂ ನಡೆಯುತ್ತಿದ್ದರೆ ಬಿಡಿಬಿಡಿ ಫೋಟೊಗಳಿಗಿಂತ ಒಂದು ಪಟ್ಟಿಗೆ ಹೆಚ್ಚು ತೂಕ. ಸಂಜೆ 5ರಿಂದ 6ರವರೆಗೆ ಎಷ್ಟು ಗಾಡಿ ಹತ್ತಿದವು, ಎಲ್ಲಿಂದ ಹತ್ತಿದವು ಎಂದು ಮೂರು ದಿನ ಎಣಿಸಿ, ಆ ಭಾಗದ ಸಂಚಾರ ಠಾಣೆಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾವ ಗಂಟೆಗೆ ಎಲ್ಲಿ ಒಬ್ಬ ಸಿಬ್ಬಂದಿ ನಿಲ್ಲಬೇಕು ಎಂಬುದು ಅದರಿಂದ ತಿಳಿಯುತ್ತದೆ. ದಂಡದ ಮೊತ್ತ ಹೆಚ್ಚಿಸುವುದಕ್ಕಿಂತ, ಹತ್ತಿದರೆ ಖಂಡಿತ ಸಿಕ್ಕಿಬೀಳುತ್ತೇನೆ ಅನ್ನಿಸುವುದೇ ಸವಾರರನ್ನು ತಡೆಯುತ್ತದೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕಾಮಗಾರಿಯ ದೂರಿಗೆ 1902 ಸಹಾಯವಾಣಿ ಇದೆ. ಅದಕ್ಕೂ ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರಿಸಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ.

ಪ್ರಶ್ನೆ: 16 ವರ್ಷದ ಮಗ ಟ್ಯೂಷನ್‌ಗೆ ಸ್ಕೂಟರ್ ಒಯ್ಯುತ್ತಾನೆ. ಮೇನ್ ರೋಡ್ ಬೇಡ, ಫುಟ್‌ಪಾತ್ ಮೇಲೆ ನಿಧಾನ ಹೋಗು ಎಂದು ನಾವೇ ಹೇಳಿದ್ದೇವೆ.
– ಸಾಗರದ ಪೋಷಕರು

ಉತ್ತರ: ಇವತ್ತೇ ಕೀ ತೆಗೆದಿಡಿ. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಕಲಂ 199ಎ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಸೈಕಲ್ ಕೊಡಿಸಿ.

ಪ್ರಶ್ನೆ: ನಮ್ಮ ಕಡೆ ಫುಟ್‌ಪಾತೇ ಇಲ್ಲ. ಮಕ್ಕಳು ಮಳೆಯಲ್ಲಿ, ಮಂಜಿನಲ್ಲಿ ರಸ್ತೆ ಅಂಚಿನಲ್ಲೇ ಶಾಲೆಗೆ ಬರುತ್ತಾರೆ. ಏನು ಹೇಳಿಕೊಡಬೇಕು?
– ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೂರು ವಿಷಯ ಹೇಳಿಕೊಡಿ. ರಸ್ತೆಯ ಬಲಗಡೆ, ಎದುರಿಗೆ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಇದಕ್ಕೆ ಘಾಟಿ ರಸ್ತೆಯಲ್ಲಿ ಒಂದು ವಿನಾಯಿತಿ ಇದೆ: ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಎದುರಿನ ವಾಹನ ಧರೆಗೆ (ರಸ್ತೆ ಬದಿಯ ಮಣ್ಣಿನ ಗೋಡೆಗೆ) ಒತ್ತಿಕೊಂಡೇ ಬರುತ್ತದೆ. ಅದಕ್ಕೆ ಮಗು ಕಾಣುವುದು ಕೊನೆಯ ಗಳಿಗೆಯಲ್ಲಿ. ಅಂಥ ತಿರುವಿಗೆ ಐವತ್ತು ಹೆಜ್ಜೆ ಮುಂಚೆಯೇ, ಎರಡೂ ಕಡೆ ರಸ್ತೆ ಕಾಣುವಲ್ಲಿ ಎಡಕ್ಕೆ ದಾಟಿ, ತಿರುವು ಮುಗಿದು ರಸ್ತೆ ನೇರವಾದ ಮೇಲೆ ಮತ್ತೆ ಬಲಕ್ಕೆ ಬರಬೇಕು.

ಮೂರನೆಯದು ಬಣ್ಣ. ಕಪ್ಪು ಕೊಡೆ, ಕಡುನೀಲಿ ರೇನ್‌ಕೋಟ್ ತೊಟ್ಟ ಮಗು ಡಿಮ್ ಲೈಟಿನಲ್ಲಿ ಸುಮಾರು 30 ಮೀಟರಿಗೆ ಬಂದ ಮೇಲೆ ಕಾಣುತ್ತದೆ. ಒದ್ದೆ ರಸ್ತೆಯಲ್ಲಿ 40ರ ವೇಗದ ಬೈಕು ನಿಲ್ಲಲೂ ಹತ್ತಿರ ಹತ್ತಿರ ಅಷ್ಟೇ ದೂರ ಬೇಕು. ಗಾಡಿಗಳಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಯಲ್ಲಿ ರೇಡಿಯಂ ಪಟ್ಟಿ ಸಿಗುತ್ತದೆ. ಒಂದಿಂಚು ಅಗಲದ್ದನ್ನು ಬ್ಯಾಗಿನ ಹಿಂದೆ ಅಡ್ಡಲಾಗಿ, ಅದರ ಎರಡೂ ಹೆಗಲಪಟ್ಟಿಗಳ ಮುಂಭಾಗಕ್ಕೆ ಮತ್ತು ಕೊಡೆಯ ಅಂಚಿನ ಸುತ್ತ ಹಾಕಿಸಿ. ಬಟ್ಟೆಗೆ ಅಂಟು ನಿಲ್ಲುವುದಿಲ್ಲ, ನಾಲ್ಕು ಹೊಲಿಗೆ ಹಾಕಿ.

ಅಪಘಾತವೇ ಆಗಿಬಿಟ್ಟರೆ ಮೊದಲು 112ಕ್ಕೆ ಕರೆ ಮಾಡಿ, ಗಾಡಿಯ ನಂಬರ್ ಬರೆದಿಡಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ 7 ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಪೊಲೀಸರಿಗೆ ಬೇಗ ತಿಳಿಸಿದಷ್ಟೂ ಅದು ಸುಲಭ. ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಹಾಕಿಬಿಡಿ. ಗುದ್ದಿದ ಗಾಡಿ ಪತ್ತೆಯಾಗದೆ ಹೋದರೂ ಕೈಚೆಲ್ಲಬೇಡಿ: ಗುದ್ದೋಡಿದ ಪ್ರಕರಣಗಳಿಗೆ ಪ್ರತ್ಯೇಕ ಪರಿಹಾರವಿದೆ, ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ. ಅದಕ್ಕೂ ಪೊಲೀಸ್ ದೂರು ದಾಖಲಾಗಿರಬೇಕು.